ಹನ್ನೆರಡು ಅಡಿ, ಹದಿನಾಲ್ಕು ಅಡಿ

ಅಮೆರಿಕಾದ ಗಡಿಸೀಮೆಯೆಂದರೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ಬರುವುದು ಚಲಚ್ಚಿತ್ರ ತೋರಿಸಿಕೊಟ್ಟ ನೋಟ: ಅಗಲವಾದ ಟೋಪಿ, ಸೊಂಟದಲ್ಲಿ ಪಿಸ್ತೂಲು, ಕುದುರೆಯ ಹಿಂದೆ ಏಳುವ ಧೂಳು. ಕಥೆಯ ಕೊನೆಗೆ ನಾಯಕನು ನಾಯಕಿಯನ್ನು ಕುದುರೆಯ ಮೇಲೆ ಕೂರಿಸಿಕೊಂಡು ಮುಳುಗುವ ಸೂರ್ಯನ ಕಡೆಗೆ ಹೊರಟುಹೋಗುತ್ತಾನೆ. ಹೋದಮೇಲೆ ಅವರಿಬ್ಬರೂ ಎಲ್ಲಿ ಮಲಗಿದರು, ಏನನ್ನು ಉರಿಸಿ ಏನನ್ನು ಬೇಯಿಸಿಕೊಂಡರು ಎಂಬುದನ್ನು ಚಿತ್ರ ತೋರಿಸುವುದಿಲ್ಲ. ಚರಿತ್ರೆಯ ಪುಸ್ತಕಗಳು ಈ ವಿಷಯದಲ್ಲಿ ಚಲಚ್ಚಿತ್ರಕ್ಕಿಂತ ಬಹಳ ಮೇಲೆಂದು ನಾನು ಹೇಳಲಾರೆ. ಅವುಗಳಲ್ಲಿ ಕಾನೂನುಗಳಿರುತ್ತವೆ, ರೈಲುದಾರಿಗಳಿರುತ್ತವೆ, ಗೋಧಿಯ ಬೆಳೆಯ ಲೆಕ್ಕವಿರುತ್ತದೆ. ಗಂಡಹೆಂಡಿರು ಇರುವುದು ಅಪರೂಪ.

ಅಂಥ ಅಪರೂಪದ ಒಂದು ಜೊತೆಯ ವಿಷಯವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಹೆಂಡತಿಯ ಹೆಸರು ರೇಚಲ್, ಗಂಡನ ಹೆಸರು ಏಬ್ರಹಾಂ ಕಾಲಫ್. ಇಬ್ಬರೂ ರಷ್ಯಾ ಸಾಮ್ರಾಜ್ಯದಿಂದ ಹೋದ ಯೆಹೂದಿಗಳು. ೧೮೯೪ರಲ್ಲಿ ಉತ್ತರ ಡಕೋಟಾ ಸಂಸ್ಥಾನದ ಹುಲ್ಲುಬಯಲಿನಲ್ಲಿ ಸಂಸಾರ ಹೂಡಿದರು. ಅವರ ಹೆಸರಿನಲ್ಲಿ ಯುದ್ಧವಿಲ್ಲ, ಊರಿಲ್ಲ, ಪ್ರತಿಮೆಯಿಲ್ಲ. ಇರುವುದು ಒಂದೇ: ರೇಚಲ್ ತನ್ನ ಅರವತ್ತನೆಯ ವಯಸ್ಸಿನಲ್ಲಿ, ೧೯೩೬ರಲ್ಲಿ, ತನ್ನ ತಾಯಿನುಡಿಯಾದ ಯಿಡ್ಡಿಷ್ ಭಾಷೆಯಲ್ಲಿ ತನ್ನ ಕಥೆಯನ್ನು ತಾನೇ ಬರೆದಿಟ್ಟಳು. ಜರ್ಮನ್ ಭಾಷೆಯ ಬಂಧುವಾದ ಈ ನುಡಿಯನ್ನು ಹೀಬ್ರೂ ಲಿಪಿಯಲ್ಲಿ ಬರೆಯುತ್ತಾರೆ. ಪೂರ್ವ ಯೂರೋಪಿನ ಯೆಹೂದಿಗಳ ಮನೆಮಾತು ಅದು. ಆಕೆ ತೀರಿಕೊಂಡದ್ದು ೧೯೫೨ರಲ್ಲಿ. ಬರಹ ಇಂಗ್ಲಿಷಿಗೆ ಬಂದು ಪುಸ್ತಕವಾಗಿ ಅಚ್ಚಾದದ್ದು ೧೯೯೫ರಲ್ಲಿ. ನಾನು ಅದನ್ನು ಓದಲು ಕುಳಿತದ್ದು ಗಡಿಸೀಮೆಯ ಬೇಸಾಯದ ಬಗೆಗೆ ಏನಾದರೂ ತಿಳಿದೀತೆಂದು. ಬೇಸಾಯದ ವಿಷಯ ಅದರಲ್ಲಿ ಸ್ವಲ್ಪವೇ. ಆದರೆ ಗಡಿಸೀಮೆಯಲ್ಲಿ ಒಲವು ಹೇಗೆ ಬದುಕಿತು, ಏನು ತಿಂದು ಬದುಕಿತು ಎಂಬ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಡುವ ಇನ್ನೊಂದು ಬರಹವನ್ನು ನಾನು ಕಂಡಿಲ್ಲ.

ಮೊದಲು ಅವರು ಬಿಟ್ಟುಬಂದ ನಾಡಿನ ಮಾತು. ೧೮೮೧ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾಯಿತು. ಅದರ ಬೆನ್ನಿಗೇ ದಕ್ಷಿಣ ರಷ್ಯಾದಲ್ಲಿ, ಅದರಲ್ಲೂ ಉಕ್ರೇನಿನ ಊರುಗಳಲ್ಲಿ, ಯೆಹೂದಿಗಳ ಮನೆಗಳ ಮೇಲೆ ಗುಂಪುಗಳು ನುಗ್ಗಿ ಲೂಟಿ ಮಾಡಿದವು. ಸರ್ಕಾರ ಇದಕ್ಕೆ ಮಾಡಿದ ಪರಿಹಾರ ವಿಚಿತ್ರವಾದದ್ದು. ಪೆಟ್ಟು ತಿಂದವರ ಮೇಲೆಯೇ ೧೮೮೨ರ ಮೇ ತಿಂಗಳಲ್ಲಿ ಹೊಸ ಕಟ್ಟಳೆಗಳನ್ನು ಹೇರಿತು. ಯೆಹೂದಿಗಳು ಇನ್ನು ಮುಂದೆ ಪಟ್ಟಣಗಳ ಹೊರಗೆ ಹೊಸದಾಗಿ ನೆಲಸಕೂಡದು. ಹಳ್ಳಿಗಾಡಿನಲ್ಲಿ ಜಮೀನು ಕೊಳ್ಳಕೂಡದು, ಗುತ್ತಿಗೆಗೂ ಹಿಡಿಯಕೂಡದು. ಮಣ್ಣಿನ ಮೇಲೆ ಹಕ್ಕಿಲ್ಲದ ಈ ಜನಕ್ಕೆ ಸಮುದ್ರದ ಆಚೆಯಿಂದ ಒಂದು ಸುದ್ದಿ ಬರುತ್ತಿತ್ತು: ಅಲ್ಲಿ ಸರ್ಕಾರವೇ ಕರೆದು ಭೂಮಿ ಕೊಡುತ್ತದಂತೆ! ನಂಬುವುದು ಕಷ್ಟ. ಆದರೂ ಸುದ್ದಿ ನಿಜವೇ ಆಗಿತ್ತು.

ರೇಚಲ್ ಹುಟ್ಟಿದ್ದು ೧೮೭೬ರಲ್ಲಿ, ಕೀವ್ ಸೀಮೆಯ ಬೇಲಾಯ ತ್ಸೆರ್ಕೋವ್ ಎಂಬ ಊರಿನ ಕಡೆ. ನಾಲ್ಕು ವರ್ಷದವಳಾಗಿದ್ದಾಗ ತಾಯಿ ತೀರಿಕೊಂಡಳು. ತಾಯಿಯಿಲ್ಲದ ಮಗು ಬಂಧುಗಳ ಮನೆಯಿಂದ ಬಂಧುಗಳ ಮನೆಗೆ ಸಾಗುತ್ತ ಬೆಳೆದ ಕಥೆಯನ್ನು ನಮ್ಮ ಓದುಗರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಹರೆಯಕ್ಕೆ ಬಂದಾಗ ಅವಳು ಅನುಕೂಲವಂತಳಾದ ಒಬ್ಬ ಅಜ್ಜಿಯ ಮನೆಯಲ್ಲಿ ಇದ್ದಳು. ಹೆಸರಿಗೆ ಮನೆಮಗಳು, ಕೆಲಸದಲ್ಲಿ ಮನೆಯಾಳು. ಅಲ್ಲಿ ಮಾಂಸದಂಗಡಿಯ ಯುವಕನೊಬ್ಬನ ಮೇಲೆ ಅವಳಿಗೆ ಮನಸ್ಸಾಯಿತು. ಕಸಾಯಿಯ ಮನೆಗೆ ನಮ್ಮ ಮನೆತನದ ಹುಡುಗಿಯೆ ಎಂದು ಹಿರಿಯರು ಗದರಿಸಿದರು. ಮನೆತನದ ಸುಖದಲ್ಲಿ ಪಾಲು ಕೊಡದವರು ಮನೆತನದ ಮರ್ಯಾದೆಯನ್ನು ಮಾತ್ರ ಪೂರ್ತಿಯಾಗಿ ಅವಳ ತಲೆಯ ಮೇಲೆ ಹೊರಿಸಿದರು. ಆ ಪ್ರಕರಣ ಅಲ್ಲಿಗೆ ಮುಗಿಯಿತು.

ಆಮೇಲೆ ಬಂದದ್ದು ಅಮೆರಿಕಾದ ಸಂಬಂಧ. ಏಬ್ರಹಾಂ ಎಂಬ ಹುಡುಗ ಅಲ್ಲಿ ದುಡಿಯುತ್ತಿದ್ದಾನೆ, ಅವನಿಗೊಂದು ಹೆಣ್ಣು ಬೇಕು. ಇಲ್ಲಿಂದ ಒಂದು ಛಾಯಾಚಿತ್ರ ಹೋಯಿತು; ಅಲ್ಲಿಂದ ಒಂದು ಬಂತು. ಪತ್ರಗಳಾದವು. ಹದಿನೆಂಟು ವರ್ಷದ ಹುಡುಗಿ ಒಂದು ಛಾಯಾಚಿತ್ರವನ್ನು ನಂಬಿ ಅಟ್ಲಾಂಟಿಕ್ ಸಾಗರವನ್ನು ದಾಟಿದಳು. ೧೮೯೨ರಲ್ಲಿ ತೆರೆದಿದ್ದ ಎಲ್ಲಿಸ್ ದ್ವೀಪದ ಕಚೇರಿಯ ಮೂಲಕ ಅವಳು ನ್ಯೂಯಾರ್ಕನ್ನು ಹೊಕ್ಕಾಗ, ಆ ಛಾಯಾಚಿತ್ರದ ಮುಖ ಅವಳನ್ನು ಎದುರುಗೊಳ್ಳಲು ಬಂದಿತ್ತು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡು ನಿರಾಸೆಯಾಗಲಿಲ್ಲ. ಪುಸ್ತಕದಲ್ಲಿ ನಿಶ್ಚಿಂತೆಯಿಂದ ಓದಬಹುದಾದ ಪುಟಗಳು ಇವೇ, ಮತ್ತು ಅವು ಬಹಳ ಇಲ್ಲ.

ಅವರ ಮುಂದಿನ ಪಯಣ ರೈಲಿನಲ್ಲಿ, ಉತ್ತರ ಡಕೋಟಾದ ಡೆವಿಲ್ಸ್ ಲೇಕ್ ಎಂಬ ಊರಿಗೆ. ಏಬ್ರಹಾಮನ ತಂದೆತಾಯಿಗಳೂ ಅಣ್ಣತಮ್ಮಂದಿರೂ ಆ ಊರಿನಿಂದ ಉತ್ತರಕ್ಕೆ ಸುಮಾರು ೨೫ ಮೈಲಿ ದೂರದ ಬಯಲಿನಲ್ಲಿ ಆಗಲೇ ನೆಲಸಿದ್ದರು. ಇವರನ್ನೆಲ್ಲ ಅಲ್ಲಿಗೆ ಸೆಳೆದ ಕಾನೂನನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ೧೮೬೨ರ ಮೇ ೨೦ರಂದು ಅಧ್ಯಕ್ಷ ಲಿಂಕನ್ ಹೋಮ್‌ಸ್ಟೆಡ್ ಶಾಸನಕ್ಕೆ ಸಹಿ ಹಾಕಿದ. ಇಪ್ಪತ್ತೊಂದು ವರ್ಷ ತುಂಬಿದವನು, ಅಥವಾ ಒಂದು ಕುಟುಂಬದ ಯಜಮಾನನು, ಸ್ವಲ್ಪ ಶುಲ್ಕ ತೆತ್ತು ೧೬೦ ಎಕರೆ ಸರ್ಕಾರಿ ಭೂಮಿಗೆ ಅರ್ಜಿ ಹಾಕಬಹುದು. ಅಲ್ಲಿ ಮನೆ ಕಟ್ಟಿ, ಉತ್ತು, ಐದು ವರ್ಷ ಬಾಳಿ ತೋರಿಸಿದರೆ ಭೂಮಿ ಅವನದು. ಅವನು ಅಮೆರಿಕಾದ ಪ್ರಜೆಯಾಗಿಯೇ ಇರಬೇಕೆಂದಿಲ್ಲ. ಪ್ರಜೆಯಾಗುವ ಇಚ್ಛೆಯನ್ನು ಬರೆದುಕೊಟ್ಟರೆ ಸಾಕು. ಯಾವ ದೇವರಿಗೆ ಕೈಮುಗಿಯುತ್ತೀಯೆ ಎಂದು ಕೇಳುವವರಿಲ್ಲ. ಝಾರನ ನಾಡಿನಲ್ಲಿ ಒಂದು ಎಕರೆ ಕೊಳ್ಳಲಾರದವನಿಗೆ ಇಲ್ಲಿ ಅರ್ಧ ಮೈಲಿ ಉದ್ದ, ಅರ್ಧ ಮೈಲಿ ಅಗಲದ ಜಮೀನು! ಈ ಶಾಸನದ ಮೇಲೆ ಒಟ್ಟು ೧೬ ಲಕ್ಷ ಹಕ್ಕುಪತ್ರಗಳು, ೨೭ ಕೋಟಿ ಎಕರೆ ಭೂಮಿ ಕೈಬದಲಾಯಿತು. ಅಂದರೆ ಆ ದೇಶದ ಹತ್ತರಲ್ಲೊಂದು ಪಾಲು.

ಹತ್ತಿಪ್ಪತ್ತು ತಲೆಮಾರು ನೇಗಿಲು ಮುಟ್ಟದ ಜನ ಬೇಸಾಯಕ್ಕಿಳಿದರೆ ಏನಾಗುತ್ತದೆಂಬುದಕ್ಕೆ ಅದೇ ಸೀಮೆಯಲ್ಲಿ ಉದಾಹರಣೆ ಆಗಿಹೋಗಿತ್ತು. ೧೮೮೨ರಲ್ಲಿ ಬಿಸ್ಮಾರ್ಕ್ ಪಟ್ಟಣದ ಉತ್ತರಕ್ಕೆ ಪೇಂಟೆಡ್ ವುಡ್ಸ್ ಎಂಬಲ್ಲಿ, ಸೇಂಟ್ ಪಾಲ್ ನಗರದ ಯೆಹೂದಿ ಗುರು ವೆಕ್ಸ್‌ಲರ್ ಚಂದಾ ಎತ್ತಿ ರಷ್ಯಾದ ನಿರಾಶ್ರಿತರ ಒಂದು ವಸಾಹತನ್ನು ಹೂಡಿಸಿದ. ಬರ, ಹಿಮ, ಬಯಲಿನ ಕಾಳ್ಗಿಚ್ಚು ಇವುಗಳ ನಡುವೆ ಅದು ಐದಾರು ವರ್ಷಗಳಲ್ಲಿ ಕುಸಿಯಿತು. ಡೆವಿಲ್ಸ್ ಲೇಕಿನ ಬಯಲಿಗೆ ಬಂದ ಯೆಹೂದಿಗಳಿಗೆ ಇದು ತಿಳಿಯದ ಸಂಗತಿಯಲ್ಲ. ತಿಳಿದೂ ಬಂದರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಸರ್ಕಾರ ಹೀಗೆ ಧಾರಾಳವಾಗಿ ಹಂಚಿದ ಭೂಮಿ ಆಕಾಶದಿಂದ ಬಿದ್ದದ್ದಲ್ಲ. ಡೆವಿಲ್ಸ್ ಲೇಕ್ ಎಂಬ ಹೆಸರೇ ಒಂದು ಸಾಕ್ಷಿ: ಡಕೋಟಾ ಜನ ಅದನ್ನು ದೈವಸಾನ್ನಿಧ್ಯವುಳ್ಳ ನೀರೆಂಬ ಅರ್ಥದಲ್ಲಿ ಕರೆಯುತ್ತಿದ್ದರು, ಬಿಳಿಯರ ಬಾಯಲ್ಲಿ ಅದು ಸೈತಾನನ ಸರೋವರವಾಯಿತು. ಸರೋವರದ ಉತ್ತರ ಪಶ್ಚಿಮಗಳ ವಿಶಾಲ ಬಯಲು ತಮ್ಮದೆಂದು ಟರ್ಟಲ್ ಮೌಂಟನ್ನಿನ ಚಿಪ್ಪೆವಾ ಜನ ವಾದಿಸುತ್ತಿದ್ದರು. ಒಪ್ಪಂದವೇ ಇಲ್ಲದೆ ೧೮೮೨ರಲ್ಲಿ ಸರ್ಕಾರ ಅದನ್ನು ವಲಸೆಗಾರರಿಗೆ ತೆರೆಯಿತು. ಹತ್ತು ವರ್ಷ ಕಳೆದ ಮೇಲೆ, ೧೮೯೨ರಲ್ಲಿ, ಸುಮಾರು ಒಂದು ಕೋಟಿ ಎಕರೆಗೆ ಹತ್ತು ಲಕ್ಷ ಡಾಲರ್ ಎಂದು ಪತ್ರ ಮಾಡಿಸಿಕೊಂಡಿತು. ಲೆಕ್ಕ ಸುಲಭ: ಎಕರೆಗೆ ಹತ್ತು ಸೆಂಟು. ಆ ಜನ ಇಂದಿಗೂ ಅದನ್ನು ಹತ್ತು ಸೆಂಟಿನ ಒಪ್ಪಂದವೆಂದೇ ಕರೆಯುತ್ತಾರೆ. ಆ ಪತ್ರಕ್ಕೂ ಕಾಂಗ್ರೆಸ್ಸಿನ ಒಪ್ಪಿಗೆ ದೊರೆತದ್ದು ೧೯೦೪ರಲ್ಲಿ. ರೇಚಲ್ ಮತ್ತು ಏಬ್ರಹಾಂ ಆ ನೆಲದ ಮೇಲೆ ಕಾಲಿಟ್ಟಾಗ ಹಳೆಯ ಒಡೆಯರಿಗೆ ಬಾಕಿ ಸಂದಿರಲಿಲ್ಲ. ಒಂದು ಕಡೆ ಮನೆಯಿಲ್ಲದಂತೆ ಮಾಡಿಸಿಕೊಂಡವರು ಇನ್ನೊಂದು ಕಡೆ, ತಮಗರಿವಿಲ್ಲದೆ, ಬೇರೆಯವರ ಮನೆಯಂಗಳದಲ್ಲಿ ಗೂಟ ನೆಟ್ಟರು. ರೇಚಲಳ ಬರಹದಲ್ಲಿ ಇದರ ಸುಳಿವಿಲ್ಲ. ಅವಳಿಗೆ ಬೇರೆ ಚಿಂತೆಗಳಿದ್ದವು.

ಆ ಚಿಂತೆಗಳು ರೈಲಿನಿಂದ ಇಳಿದ ದಿನವೇ ಶುರುವಾದವು. ಎದುರುಗೊಳ್ಳಲು ಬಂದ ಅತ್ತೆಮನೆಯವರ ಉಡುಪನ್ನು ಕಂಡೇ ಅವಳ ಎದೆ ಕುಸಿಯಿತು. ರಷ್ಯಾದ ಬಡವರನ್ನು ಅವಳು ಕಂಡಿದ್ದಳು. ಈ ಬಗೆಯ ಬಡತನವನ್ನು ಕಂಡಿರಲಿಲ್ಲ. ಮನೆಯೆಂದು ತೋರಿಸಿದ್ದು ಮಣ್ಣುನೆಲದ ಒಂದು ಗುಡಿಸಲು. ಮದುವೆಯೂ ಆ ಬಯಲಿನಲ್ಲೇ ನಡೆಯಿತು. ಆಮೇಲೆ ದಂಪತಿಗಳಿಗೆಂದು ಹಲಗೆಯ ಒಂದು ಗುಡಿಸಲು ಆಯಿತು: ಅಗಲ ಹನ್ನೆರಡು ಅಡಿ, ಉದ್ದ ಹದಿನಾಲ್ಕು ಅಡಿ.

ಈ ಅಳತೆ ಆ ಕಾಲದ ಗಡಿಸೀಮೆಯಲ್ಲಿ ಮನೆಮಾತು. ಭೂಮಿಯ ಹಕ್ಕಿಗಾಗಿ ಕಟ್ಟುವ ಮನೆ ಹನ್ನೆರಡಕ್ಕೆ ಹದಿನಾಲ್ಕು ಇರಬೇಕೆಂಬ ನಂಬಿಕೆ ಇತ್ತು. ಕೆಲವು ಚಾಲಾಕಿಗಳು ಅಂಗುಲದ ಅಳತೆಯಲ್ಲಿ ಬೊಂಬೆಮನೆ ಮಾಡಿಟ್ಟು, ಹನ್ನೆರಡಕ್ಕೆ ಹದಿನಾಲ್ಕರ ಮನೆ ಕಟ್ಟಿದ್ದೇನೆಂದು ಪ್ರಮಾಣ ಮಾಡಿ ಬರುತ್ತಿದ್ದರಂತೆ. ಕಾಲಫ್ ದಂಪತಿಗಳದು ಅಡಿಯ ಲೆಕ್ಕದ ಮನೆಯೇ. ಆದರೆ ಅದರೊಳಗೆ ಯಾರು ಯಾರು ಇದ್ದರೆಂಬುದನ್ನು ಕೇಳಿದರೆ, ಅಂಗುಲದ ಲೆಕ್ಕವೇ ಇರಬಹುದೇನೋ ಅನ್ನಿಸುತ್ತದೆ.

ಆ ಸೀಮೆಯ ಚಳಿಗಾಲದಲ್ಲಿ ಉಷ್ಣಮಾಪಕ ಸೊನ್ನೆಯಿಂದ ನಲವತ್ತು ಡಿಗ್ರಿ ಕೆಳಕ್ಕೆ ಇಳಿಯುವುದುಂಟು. ಬಯಲಿನಲ್ಲಿ ಮರವಿಲ್ಲ, ಮರವಿಲ್ಲದಲ್ಲಿ ಸೌದೆಯಿಲ್ಲ. ಬೇಸಗೆಯಲ್ಲೆಲ್ಲ ಆಯ್ದಿಟ್ಟ ಒಣಸಗಣಿ ಮತ್ತು ಹುಲ್ಲು, ಇವೇ ಉರುವಲು. ಮೂರು ಮನೆಗಳಲ್ಲಿ ಮೂರು ಒಲೆ ಉರಿಸುವಷ್ಟು ಉರುವಲು ಯಾರ ಬಳಿಯೂ ಇರಲಿಲ್ಲ. ಆದ್ದರಿಂದ ಚಳಿ ಇಳಿಯುತ್ತಲೂ ಮಾವ, ಅತ್ತೆ, ಒಬ್ಬ ಮೈದುನ ಹೊಸ ದಂಪತಿಗಳ ಗುಡಿಸಲಿಗೇ ಬಂದುಬಿಟ್ಟರು. ಐದು ಜನ. ಹೊರಗೆ ಬಿಟ್ಟರೆ ಸತ್ತುಹೋಗುತ್ತವೆಂದು ಹನ್ನೆರಡು ಕೋಳಿಗಳು ಮಂಚದ ಕೆಳಗೆ ಸೇರಿದವು. ಮೂಲೆಯಲ್ಲಿ ಒಂದು ಕರು. ನಾನು ಲೆಕ್ಕ ಹಾಕಿ ನೋಡಿದೆ. ಗುಡಿಸಲಿನ ವಿಸ್ತೀರ್ಣ ೧೬೮ ಚದರ ಅಡಿ. ಒಲೆ, ಮಂಚ, ಕೋಳಿ, ಕರು ಇವನ್ನೆಲ್ಲ ಮರೆತು ಭಾಗಿಸಿದರೂ ತಲೆಗೆ ಮೂವತ್ತಮೂರೂವರೆ ಅಡಿಯಷ್ಟು. ಕಾಗದದ ಮೇಲೆ ಅದೇ ಐದು ಜನಕ್ಕೆ ಅರ್ಧ ಮೈಲಿ ಉದ್ದ, ಅರ್ಧ ಮೈಲಿ ಅಗಲದ ಭೂಮಿ. ಬಾಗಿಲು ತೆರೆದರೆ ಕಣ್ಣಿಗೆ ಎಟುಕುವವರೆಗೂ ನೆಲ. ಆದರೆ ಬಾಗಿಲು ತೆರೆಯುವಂತಿಲ್ಲ.

ಹಸಿವು, ಚಳಿ, ನಾತ, ಕತ್ತಲೆ ಇವನ್ನೆಲ್ಲ ಅವಳು ಒಂದೊಂದಾಗಿ ಬರೆಯುತ್ತಾಳೆ. ಆದರೆ ತನಗೆ ಎಲ್ಲಕ್ಕಿಂತ ಸಹಿಸಲು ಕಷ್ಟವಾದದ್ದು ಇವಾವುವೂ ಅಲ್ಲ, ಏಕಾಂತವಿಲ್ಲದ್ದು ಎಂದು ಅವಳೇ ಹೇಳುತ್ತಾಳೆ. ನಾನು ಈ ಮಾತಿನ ಬಳಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಗಡಿಸೀಮೆಯ ಕಷ್ಟಗಳ ಪಟ್ಟಿಯಲ್ಲಿ ಇದನ್ನು ನಾನು ಎಲ್ಲೂ ಓದಿರಲಿಲ್ಲ. ವಿದ್ವಾಂಸರು ಬರೆಯುವುದು ಏಕಾಕಿತನದ ವಿಷಯ: ನೆರೆಯವನ ಮನೆ ಮೈಲಿಗಟ್ಟಲೆ ದೂರ, ಮಾತಿಗೆ ಜನವಿಲ್ಲ, ಹೆಂಗಸರು ಕುಗ್ಗಿಹೋದರು ಎಂದು. ಅದು ಸುಳ್ಳಲ್ಲ. ಆದರೆ ಏಕಾಕಿತನ ಬೇರೆ, ಏಕಾಂತ ಬೇರೆ. ಒಂದು ಅತಿಯಾಗಿ ಇದ್ದು ಇನ್ನೊಂದು ಎಳ್ಳಷ್ಟೂ ಇಲ್ಲದಿರುವುದು ಸಾಧ್ಯ. ಕೂಡುಕುಟುಂಬದಲ್ಲಿ ಹೊಸದಾಗಿ ಬಾಳಿದ ಸೊಸೆಯರಿಗೆ ಈ ವ್ಯತ್ಯಾಸವನ್ನು ಯಾವ ಚರಿತ್ರೆಕಾರನೂ ಕಲಿಸಬೇಕಾಗಿಲ್ಲ.

ಛಾಯಾಚಿತ್ರ ನೋಡಿ ಮದುವೆಯಾದ ಇಬ್ಬರು ಎಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಒಬ್ಬರ ಸ್ವಭಾವ ಇನ್ನೊಬ್ಬರಿಗೆ ಇನ್ನೂ ತಿಳಿಯಬೇಕಾಗಿದೆ. ಬೇರೆಯವರು ಮದುವೆಗೆ ಮುಂಚೆ ಆಡಿಮುಗಿಸುವ ಮಾತುಗಳನ್ನೆಲ್ಲ ಇವರು ಈಗ ಆಡಬೇಕು, ಆಡುವುದೆಲ್ಲಿ? ಮೆಲ್ಲಗೆ ಉಸುರಿದರೂ ನಾಲ್ಕಡಿಯ ಆಚೆ ಅತ್ತೆ. ಜಗಳವಾಡುವುದಕ್ಕೂ ಸ್ಥಳವಿಲ್ಲ, ರಾಜಿಯಾಗುವುದಕ್ಕೂ ಇಲ್ಲ. ಹವೆ ಒಪ್ಪುವ ದಿನಗಳಲ್ಲಿ ಇಬ್ಬರೂ ಮನೆಬಿಟ್ಟು ಬಯಲಿಗೆ ನಡೆದುಹೋಗುತ್ತಿದ್ದರು. ಅಲ್ಲಿ ಮಾತಾಡುತ್ತಿದ್ದರು, ಅಳುವುದಿದ್ದರೆ ಅಳುತ್ತಿದ್ದರು. ಮನೆಯೊಳಗೆ ಸಿಕ್ಕದ ಮನೆಯನ್ನು ಹುಲ್ಲಿನ ನಡುವೆ ಮಾಡಿಕೊಂಡರು. ಅವರ ದಾಂಪತ್ಯದ ಮೊದಲ ಕೋಣೆ ಅದೇ ಎಂದು ನಾನು ತಿಳಿದಿದ್ದೇನೆ.

ರೇಚಲಳ ಕೈಗೆಲಸದ ಎರಡು ಪ್ರಸಂಗಗಳಿವೆ. ಸೀಮೆಎಣ್ಣೆ ಇರಲಿಲ್ಲ. ಡಕೋಟಾದ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗಿಬಿಡುತ್ತದೆ; ಆಮೇಲೆ ಹದಿನೈದು ಗಂಟೆಯ ಕತ್ತಲೆ. ಐದು ಜನ ಆ ಕತ್ತಲಲ್ಲಿ ಸುಮ್ಮನೆ ಕುಳಿತಿರಬೇಕು. ಅವಳು ಜಿಗುಟು ಮಣ್ಣನ್ನು ತಟ್ಟಿ ಒಂದು ಹಣತೆಯ ಹಾಗೆ ಮಾಡಿದಳು, ಒಲೆಯ ಬಿಸಿಗೆ ಒಣಗಿಸಿದಳು, ಹಳೆಯ ಬಟ್ಟೆ ಹರಿದು ಬತ್ತಿ ಹೊಸೆದಳು, ಎಣ್ಣೆಯ ಬದಲು ಬೆಣ್ಣೆ ಹಾಕಿದಳು. ದೀಪ ಉರಿಯಿತು. ನಮಗೆ ಇದರಲ್ಲೇನು ಹೊಸತು ಅನ್ನಿಸಬಹುದು. ಮಣ್ಣಿನ ಹಣತೆ ನಮ್ಮ ಮನೆಮನೆಯ ವಸ್ತು. ಆದರೆ ಅವಳು ಅದನ್ನು ಯಾರಿಂದಲೂ ಕಲಿತಿರಲಿಲ್ಲ. ಅಗತ್ಯದಿಂದ ತಾನೇ ಕಂಡುಹಿಡಿದಳು. ಆ ಬೆಳಕಿನಲ್ಲಿ ಅವರು ಮತ್ತೆ ಒಬ್ಬರ ಮುಖವನ್ನೊಬ್ಬರು ನೋಡಿದರು.

ಎರಡನೆಯದು ಬೇಸಗೆಯದು. ಅವರ ಊಟ ಹಿಟ್ಟು, ಹಾಲು, ಬೆಣ್ಣೆ ಇಷ್ಟರಲ್ಲೇ ಸುತ್ತುತ್ತಿತ್ತು. ಧರ್ಮದ ಕಟ್ಟಳೆಯಂತೆ ಕೊಯ್ದ ಮಾಂಸವಲ್ಲದೆ ಬೇರೆ ಮಾಂಸ ಕೂಡದು. ಹಾಗೆ ಕೊಯ್ಯುವವರು ಹತ್ತಿರದಲ್ಲಿಲ್ಲ. ಒಂದು ದಿನ ಅವಳು ಬಯಲಿನಲ್ಲಿ ಅಲೆಯುತ್ತ ಕಾಡುಬೆಳ್ಳುಳ್ಳಿಯನ್ನು ಕಂಡಳು, ಅಣಬೆಗಳನ್ನು ಕಂಡಳು. ಅಣಬೆ ವಿಷವೋ ಅಲ್ಲವೋ ಯಾರಿಗೆ ಗೊತ್ತು? ಮೊದಲು ತಾನೇ ಬಾಯಿಗೆ ಹಾಕಿಕೊಂಡು ನೋಡಿದಳು. ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಬೆಣ್ಣೆಯಲ್ಲಿ ಬೆಳ್ಳುಳ್ಳಿಯೊಡನೆ ಹುರಿದು ಬಡಿಸಿದಳು. ಇದನ್ನು ಬರೆಯುವಾಗ ಅರವತ್ತು ವರ್ಷದ ಮುದುಕಿಯ ಲೇಖನಿಗೆ ಹದಿನೆಂಟು ವರ್ಷದ ಹುಮ್ಮಸ್ಸು ಬಂದಿದೆ.

೧೮೯೫ರಲ್ಲಿ ಮೊದಲ ಮಗು ಹುಟ್ಟಿತು, ಹೆಣ್ಣು. ಪುಸ್ತಕದಲ್ಲಿ ಓದಲು ಅತ್ಯಂತ ಕಷ್ಟವಾದ ಭಾಗ ಈ ಬಾಣಂತನದ್ದು. ಬಾಣಂತಿಯನ್ನೂ ಕೂಸನ್ನೂ ಪಿಶಾಚಿಗಳು ಕಾಯುತ್ತಿರುತ್ತವೆಂದು ಅತ್ತೆ ದೃಢವಾಗಿ ನಂಬಿದ್ದಳು, ಆ ನಂಬಿಕೆಯನ್ನು ಸೊಸೆಯ ಕಿವಿಗೆ ಸುರಿಯುತ್ತಲೇ ಇದ್ದಳು. ತಲೆದಿಂಬಿನ ಕೆಳಗೆ ಚೂರಿ ಇಡುವುದು, ಬಾಗಿಲ ಕಡೆ ಭಯದಿಂದ ನೋಡುವುದು, ಇವು ನಮ್ಮ ಅಜ್ಜಿಯರಿಗೂ ಅಪರಿಚಿತವಲ್ಲ. ಆದರೆ ನಮ್ಮಲ್ಲಿ ಬಾಣಂತಿಯ ಸುತ್ತ ಹತ್ತು ಹೆಂಗಸರಿರುತ್ತಾರೆ, ನಗು ಇರುತ್ತದೆ, ಬಿಸಿನೀರು ಇರುತ್ತದೆ. ಅಲ್ಲಿ ಇದ್ದದ್ದು ನಿತ್ರಾಣವಾದ ದೇಹ, ಸಣ್ಣ ಗುಡಿಸಲು, ಅತ್ತೆಯ ಪಿಶಾಚಿಗಳು. ರೇಚಲಳ ಬುದ್ಧಿ ಕದಲಿತು. ಅವಳಿಗೆ ಪಿಶಾಚಿಗಳು ಕಾಣತೊಡಗಿದವು. ಮಗುವನ್ನು ಬಚ್ಚಿಟ್ಟು ಕಾವಲು ಕುಳಿತಳು. ಇಂದಿನ ವೈದ್ಯರು ಇದಕ್ಕೆ ಒಂದು ಹೆಸರು ಕೊಟ್ಟಾರು, ಔಷಧವನ್ನೂ ಕೊಟ್ಟಾರು. ಆಗ ಅವಳು ತನ್ನಿಂದ ತಾನೇ ಆ ಹಳ್ಳದಿಂದ ಹತ್ತಿ ಬರಬೇಕಾಯಿತು. ಬಂದಳು. ಬಂದು ಮತ್ತೆ ಹೆತ್ತಳು. ಒಟ್ಟು ಒಂಬತ್ತು ಮಕ್ಕಳು ಬೆಳೆದು ದೊಡ್ಡವರಾದರು.

ಅತ್ತೆಯ ವಿಷಯದಲ್ಲಿ ರೇಚಲ್ ನಿರ್ದಾಕ್ಷಿಣ್ಯಳು. ನಲವತ್ತು ವರ್ಷ ಕಳೆದರೂ ಲೇಖನಿ ಮೆತ್ತಗಾಗಿಲ್ಲ. ಓದುತ್ತ ಓದುತ್ತ ನನಗೆ ಆ ಮುದುಕಿಯ ಮೇಲೂ ಕನಿಕರ ಹುಟ್ಟಿತು. ಬದುಕಿನ ಕೊನೆಗಾಲದಲ್ಲಿ ಹುಟ್ಟಿದ ನಾಡಿನಿಂದ ಕಿತ್ತು ತಂದು ಆ ಬಯಲಿನಲ್ಲಿ ನೆಟ್ಟ ಹೆಂಗಸು. ಅವಳು ಜೊತೆಗೆ ತಂದಿದ್ದ ಆಸ್ತಿ ಎರಡೇ: ಧರ್ಮದ ಕಟ್ಟಳೆ, ಪಿಶಾಚಿಗಳ ಭಯ. ಎರಡನ್ನೂ ಕೈಬಿಡಲಾರದೆ ಹಿಡಿದಿದ್ದಳು. ಅವಳಿಗೂ ಆ ಗುಡಿಸಲಿನಲ್ಲಿ ಏಕಾಂತವಿರಲಿಲ್ಲವಷ್ಟೆ? ಅವಳು ಬರೆಯಲಿಲ್ಲ, ಆದ್ದರಿಂದ ಚರಿತ್ರೆಯಲ್ಲಿ ಅವಳು ಸೊಸೆಯ ಅತ್ತೆಯಾಗಿಯೇ ಉಳಿದಳು.

ಏಬ್ರಹಾಮನೂ ಬರೆದಿಟ್ಟಿಲ್ಲ. ಅವನನ್ನು ನಾವು ಕಾಣುವುದು ಹೆಂಡತಿಯ ಕಣ್ಣಿನಿಂದ. ಒಳ್ಳೆಯ ಮನುಷ್ಯ, ಮೃದು, ದುಡಿಮೆಗಾರ. ತಾಯಿಗೂ ಹೆಂಡತಿಗೂ ನಡುವೆ ಸಿಕ್ಕಿ ನಲುಗಿದವನು. ಅವನು ಸಾಹಸಿಯಲ್ಲ. ಚಲಚ್ಚಿತ್ರದ ನಾಯಕನಂತೆ ಅವನು ಹೆಂಡತಿಯನ್ನು ಯಾವ ಕಷ್ಟದಿಂದಲೂ ಎತ್ತಿಕೊಂಡು ಹೋಗಲಿಲ್ಲ. ಅವನ ಕೈಯಲ್ಲಿ ಆಗುತ್ತಲೂ ಇರಲಿಲ್ಲ. ಚಳಿಗಾಲಕ್ಕೆ ತಂದೆತಾಯಿಯರನ್ನು ಮನೆಗೆ ಸೇರಿಸಬೇಡವೆಂದು ಹೆಂಡತಿ ಹೇಳಿದರೆ ಅವನೇನು ಮಾಡಬಲ್ಲ? ಹೊರಗೆ ಬಿಟ್ಟರೆ ಅವರು ಹೆಪ್ಪುಗಟ್ಟಿ ಸಾಯುತ್ತಾರೆ. ಇದು ಅವಳಿಗೂ ಗೊತ್ತು. ಅವಳಿಗೆ ಗೊತ್ತೆಂಬುದು ಅವನಿಗೂ ಗೊತ್ತು. ಗಡಿಸೀಮೆಯ ಒಲವೆಂದರೆ ಹೆಚ್ಚುಪಾಲು ಇದೇ ಇದ್ದಿರಬೇಕು: ಇಬ್ಬರಿಗೂ ಇಷ್ಟವಿಲ್ಲದ್ದನ್ನು ಇಬ್ಬರೂ ಕೂಡಿ ಮಾಡಿದ ಮೇಲೆ ಒಬ್ಬರನ್ನೊಬ್ಬರು ದೂರದಿರುವುದು. ದೂರಿದ ದಿನಗಳೂ ಇವೆ. ಅವನ್ನೂ ಅವಳು ಬರೆದಿದ್ದಾಳೆ. ಆದ್ದರಿಂದಲೇ ಉಳಿದದ್ದನ್ನು ನಂಬಬೇಕೆನಿಸುತ್ತದೆ.

ಬೇಸಾಯದ ಕಥೆಯನ್ನು ಬೇಗ ಮುಗಿಸಬಹುದು. ಕೆಲವು ವರ್ಷಗಳಲ್ಲಿ ಗೋಧಿ ಕೈಹಿಡಿಯತೊಡಗಿತು. ಶತಮಾನ ಮಗುಚುವ ಹೊತ್ತಿನಲ್ಲಿ, ಬೆಳೆ ತೆನೆಗಟ್ಟಿ ಇನ್ನೇನು ಕುಯ್ಲೆನ್ನುವಾಗ, ಆಲಿಕಲ್ಲಿನ ಮಳೆ ಬಿದ್ದು ಹೊಲ ಮಟ್ಟಸವಾಯಿತು. ಮತ್ತೆ ಸಾಲ, ಮತ್ತೆ ಬಿತ್ತನೆ. ಅದಾದ ಮೇಲೆ ನಿಧಾನವಾಗಿ ಏಳಿಗೆ. ಅಲ್ಲಿಗೆ ಅರ್ಜಿ ಹಾಕಿ ಬಂದವರಲ್ಲಿ ಎಷ್ಟೋ ಮಂದಿ ಐದು ವರ್ಷ ತುಂಬುವ ಮುಂಚೆಯೇ ಗಂಟುಮೂಟೆ ಕಟ್ಟಿದರು. ಕಾಲಫ್ ದಂಪತಿಗಳು ನಿಂತರು. ೧೯೧೭ರಲ್ಲಿ ಮಿನ್ನೆಸೋಟಾದ ಸೇಂಟ್ ಪಾಲ್ ನಗರಕ್ಕೆ ಹೊರಟಾಗ ಅವರು ಸೋತು ಹೋದವರಲ್ಲ.

ಈ ಬರಹವನ್ನು ಸಾಕ್ಷಿಯೆಂದು ಎಷ್ಟರಮಟ್ಟಿಗೆ ನೆಚ್ಚಬಹುದು ಎಂಬ ಪ್ರಶ್ನೆ ಚರಿತ್ರೆಯ ಓದುಗನಿಗೆ ಬಾರದೆ ಇರದು. ನಲವತ್ತು ವರ್ಷದ ಹಿಂದಿನದನ್ನು ನೆನೆದು ಬರೆದದ್ದು. ಇಂಗ್ಲಿಷಿಗೆ ತಂದವನು ಸ್ವಂತ ಮಗ, ಇನ್ನೊಬ್ಬರ ನೆರವಿನೊಡನೆ. ಯಿಡ್ಡಿಷ್ ಮೂಲವನ್ನೂ ಅಚ್ಚಾದ ಇಂಗ್ಲಿಷನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ವಿದ್ವಾಂಸರು ಎರಡರ ನಡುವೆ ವ್ಯತ್ಯಾಸಗಳಿವೆಯೆಂದು ತೋರಿಸಿದ್ದಾರೆ. ಮಗ ತಾಯಿಯ ಮಾತನ್ನು ಅಲ್ಲಲ್ಲಿ ನಯ ಮಾಡಿರುವುದು ಸಹಜ. ಆದರೆ ಮಂಚದ ಕೆಳಗಿನ ಹನ್ನೆರಡು ಕೋಳಿಗಳನ್ನು ಯಾರೂ ಕಲ್ಪಿಸಿ ಬರೆಯುವುದಿಲ್ಲ. ತಾರೀಖು ತಪ್ಪಬಹುದು, ಹೇಳಿದ ಮಾತಿನ ಪದಗಳು ಬದಲಾಗಿರಬಹುದು. ಗುಡಿಸಲಿನ ಅಳತೆಯನ್ನು ಅದರೊಳಗೆ ಐದು ಜನರೊಡನೆ ಇದ್ದ ಹೆಂಗಸು ಮರೆಯುವುದಿಲ್ಲ.

ನಾರ್ವೆಯಿಂದ ಹೋಗಿ ನೆಲಸಿದ ರೋಲ್ವಾಗ್ ಡಕೋಟಾದ ಇಂಥದೇ ವಲಸೆಗಾರ ದಂಪತಿಗಳನ್ನು ಕುರಿತು ಒಂದು ದೊಡ್ಡ ಕಾದಂಬರಿ ಬರೆದಿದ್ದಾನೆ. ೧೯೨೭ರಲ್ಲಿ ಇಂಗ್ಲಿಷಿಗೆ ಬಂದು ಬಹಳ ಹೆಸರಾಯಿತು. ಅದರಲ್ಲಿ ಗಂಡ ಹುಲ್ಲುಬಯಲನ್ನು ಕಂಡು ಹಿಗ್ಗುತ್ತಾನೆ. ಹೆಂಡತಿ ಅದೇ ಬಯಲಿನ ಬರಿದಿಗೆ ಬೆದರಿ ಮನಸ್ಸಿನ ಸ್ಥಿಮಿತ ಕ್ಷಯಿಸಿಕೊಳ್ಳುತ್ತಾಳೆ. ಮಹತ್ತಾದ ಕೃತಿಯೇ. ಆದರೂ ಎರಡನ್ನೂ ಓದಿದ ಮೇಲೆ ನನಗೆ ಅನ್ನಿಸಿದ್ದು, ಕಾದಂಬರಿಕಾರನಿಗೆ ಬಯಲು ಕಂಡಿತು, ರೇಚಲಳಿಗೆ ಮನೆ ಕಂಡಿತು. ಅವಳನ್ನು ಬಯಲು ಹೆದರಿಸಲಿಲ್ಲ. ಅವಳಿಗೆ ಅದು ಉಸಿರಾಡುವ ಜಾಗ.

ಇನ್ನೊಂದು ಸಂಗತಿ. ಅವಳು ಡಕೋಟಾದಲ್ಲಿ ಬಾಳಿದ್ದು ೨೩ ವರ್ಷ. ಆದರೆ ಬರಹದ ಬಹುಪಾಲು ಮೊದಲ ಕೆಲವು ವರ್ಷಗಳದೇ. ಆ ಗುಡಿಸಲಿನ ಚಳಿಗಾಲಗಳಿಗೆ ಪುಟಗಟ್ಟಲೆ. ಅನಂತರದ ಹತ್ತುಹದಿನೈದು ವರ್ಷಗಳು ಓಡುತ್ತ ಮುಗಿದುಹೋಗುತ್ತವೆ. ಜಮೀನು ಬೆಳೆದ, ಮನೆ ಬೆಳೆದ, ಮಕ್ಕಳು ಶಾಲೆಗೆ ಹೋದ ಆ ವರ್ಷಗಳಲ್ಲಿ ಗಂಡಹೆಂಡಿರು ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರೆಂಬುದನ್ನು ಆಕೆ ಹೇಳಿಲ್ಲ. ಆ ಹೊತ್ತಿಗೆ ಅವರಿಗೆ ಮುಚ್ಚಿಕೊಳ್ಳಲು ಒಂದು ಬಾಗಿಲಿತ್ತು.